ನಡುವೆ ನಿಂತವನ ಕೈಯಲ್ಲಿ ನಿಮ್ಮ ಪುಟ

ಮೊಬೈಲಿನಲ್ಲಿ ತೆರೆಯುವ ಒಂದೊಂದು ಪುಟವೂ ಯಾರದೋ ಕೈ ದಾಟಿಯೇ ಬರುತ್ತದೆ. ಆ ಕೈ ಕಂಪನಿಯದೇ ಯಾಕಾಗಬೇಕು? ಜಾಹೀರಾತನ್ನೂ ಬೇಹುಗಾರಿಕೆಯನ್ನೂ ಹೊಸ್ತಿಲಲ್ಲೇ ಸೋಸಿ ಒಗೆಯುವ ಪೆಟ್ಟಿಗೆಯನ್ನು ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಬಹುದು. ಆದರೆ ಕಟ್ಟಿದವನಿಗೂ ಕಣ್ಣಿರುತ್ತದೆ!

ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ. ವಿಜಯಪುರ ಜಿಲ್ಲೆಯ ನಿಡೋಣಿಯ ಹೊಲವೊಂದರ ಶೆಡ್ಡಿನಲ್ಲಿ ಬಲೆಯ ಮೇಲೆ ಬಲೆ, ಅದರ ಮೇಲೆ ಇನ್ನೊಂದು ಬಲೆ. ಎಲ್ಲದರ ಮೇಲೂ ದ್ರಾಕ್ಷಿ. ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ಹರವಿದ ಗೊಂಚಲು ಒಣಗಿ ಮಣೂಕ ಆಗಲು ಇನ್ನೂ ವಾರವೊಪ್ಪತ್ತು ಬೇಕು. ನೆರಳಿಗೆ ಕೂತ ರೈತ ಮೊಬೈಲ್ ತೆಗೆದು ತಾಸಗಾಂವ ಪೇಟೆಯ ಮಣೂಕದ ದರ ಹುಡುಕುತ್ತಾನೆ.

ಪುಟ ತೆರೆಯುತ್ತದೆ. ದರ ಕಾಣುವುದಿಲ್ಲ. ಮೊದಲು ಬರುವುದು ಐದೇ ನಿಮಿಷದಲ್ಲಿ ಸಾಲ ಕೊಡುವ ಆ್ಯಪ್. ಅದನ್ನು ಸರಿಸಿದರೆ ರಮ್ಮಿ. ರಮ್ಮಿ ಮುಚ್ಚಲು ಮೂಲೆಯಲ್ಲೊಂದು ಅಡ್ಡಗುರುತು ಇದೆ, ಎಳ್ಳುಕಾಳಿನಷ್ಟು. ಹೊಲದಲ್ಲಿ ದುಡಿದ ಹೆಬ್ಬೆರಳಿಗೆ ಅದು ಸಿಗುವುದುಂಟೆ? ಒತ್ತಿದ್ದು ಒಂದು, ತೆರೆದದ್ದು ಇನ್ನೊಂದು.

“ತಮ್ಮಾ, ದರಾ ಎಲ್ಲೈತೋ? ಬರೇ ಸಾಲಾ ತಗೋ, ಸಾಲಾ ತಗೋ ಅನ್ನಾಕತ್ತೈತಿ ಇದು.”

“ಕಾಕಾ, ಅದನ್ನ ಒತ್ತಬ್ಯಾಡ್ರೀ. ಅದು ಮುಚ್ಚೂ ಗುರ್ತಲ್ಲ, ಜಾಹೀರಾತನ್ಯಾಗ ಬರದ ಚಿತ್ರ ಅದು.”

ರಾತ್ರಿ ಮನೆಯಲ್ಲಿ ಅದೇ ಫೋನಿನಲ್ಲಿ ಸುದ್ದಿ ಓದಲು ಕೂತರೆ ಅಲ್ಲೂ ಸಾಲ, ಅಲ್ಲೂ ದ್ರಾಕ್ಷಿಗೆ ಹೊಡೆಯುವ ಔಷಧಿ. ಮಧ್ಯಾಹ್ನ ಹುಡುಕಿದ್ದು ರಾತ್ರಿಯ ಪುಟಕ್ಕೆ ಹೇಗೆ ಗೊತ್ತಾಯಿತು?

ಪುಟ ತೆರೆಯುವ ಆ ಗಳಿಗೆಯಲ್ಲಿ, ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ, ಒಂದು ಸವಾಲು, ಅಂದರೆ ಹರಾಜು, ನಡೆದುಹೋಗಿರುತ್ತದೆ. ಈ ಫೋನು ಯಾವ ಊರಿನ ಸುತ್ತ ಇದೆ, ಯಾವ ಮಾಡೆಲ್ಲು, ಇದರ ಒಡೆಯ ನಿನ್ನೆ ಏನು ನೋಡಿದ ಎಂಬ ವಿವರ ಹತ್ತಾರು ಕಂಪನಿಗಳ ಮುಂದೆ ಬೀಳುತ್ತದೆ. ಹೆಚ್ಚು ಕೂಗಿದವರ ಜಾಹೀರಾತು ಪರದೆಗೆ ಬರುತ್ತದೆ. ಸವಾಲು ಸೋತವರೂ ಆ ವಿವರವನ್ನು ನೋಡಿಯೇ ಇರುತ್ತಾರೆ. ಮಣೂಕದ ದರ ಕೇಳಲು ಹೋದವನೇ ಪೇಟೆಯ ಮಾಲಾದ.

ಈ ಪುರವಣಿಯ ಅಚ್ಚಾದ ಪುಟದಲ್ಲೂ ಜಾಹೀರಾತು ಇದ್ದೀತು. ಇರಲಿ. ನೀವು ಅದನ್ನು ಎಷ್ಟು ಹೊತ್ತು ನೋಡಿದಿರಿ ಎಂದು ಅದು ಯಾರಿಗೂ ಚಾಡಿ ಹೇಳುವುದಿಲ್ಲ.

ಗೊತ್ತಿಲ್ಲದೆ ಬಳಸಿದ ಮಧ್ಯಸ್ಥ

ಪ್ರಾಕ್ಸಿ ಎಂದರೆ ಕಾಲೇಜಿನಲ್ಲಿ ಕಲಿತವರಿಗೆ ಲ್ಯಾಬಿನ ಕಹಿ ನೆನಪು. ಫೇಸ್‌ಬುಕ್ ತೆರೆದರೆ ‘ನಿರ್ಬಂಧಿಸಲಾಗಿದೆ’ ಎಂಬ ಕೆಂಪು ಪುಟ ತೋರಿಸುತ್ತಿದ್ದವನು ಅವನೇ. ನಿಮ್ಮ ಕಂಪ್ಯೂಟರು ನೇರವಾಗಿ ಜಾಲತಾಣಕ್ಕೆ ಹೋಗುವುದಿಲ್ಲ; ಪ್ರಾಕ್ಸಿಯನ್ನು ಕೇಳುತ್ತದೆ. ಅದು ಹೋಗಿ ತಂದು ಕೊಡುತ್ತದೆ. ಬೇಡವೆನಿಸಿದರೆ ತರುವುದಿಲ್ಲ, ಮನಸ್ಸು ಮಾಡಿದರೆ ತಂದದ್ದನ್ನು ತಿದ್ದಿಯೂ ಕೊಡಬಲ್ಲದು.

ಲ್ಯಾಬ್ ಕಾಣದವರೂ ಪ್ರಾಕ್ಸಿ ಬಳಸಿದ್ದಾರೆ. ನೋಕಿಯಾ ಫೋನಿಗೆ ದಿನದ ಲೆಕ್ಕದಲ್ಲಿ ನೆಟ್ ಪ್ಯಾಕ್ ಹಾಕಿಸಿಕೊಳ್ಳುತ್ತಿದ್ದ ಕಾಲ ನೆನಪಿದೆಯೆ? ಆಗ ಹಳ್ಳಿಹಳ್ಳಿಗೂ ಬಂದದ್ದು ನಾರ್ವೆಯ ಒಪೇರಾ ಮಿನಿ. ನೀವು ಕೇಳಿದ ಪುಟವನ್ನು ಒಪೇರಾದ ಸರ್ವರ್ ತರಿಸಿಕೊಂಡು, ಹಿಂಡಿ ಸಣ್ಣದು ಮಾಡಿ, ಫೋನಿಗೆ ಕಳಿಸುತ್ತಿತ್ತು. ದುಡ್ಡು ಉಳಿಯಿತು. ಆದರೆ ಗೂಢಲಿಪಿಯ ಬೀಗ ಹಾಕಿದ ಪುಟವನ್ನೂ ಆ ಸರ್ವರ್ ಬಿಚ್ಚಿಯೇ ಹಿಂಡಬೇಕಿತ್ತು.

ಆಮೇಲೆ ಬಂದದ್ದು ಅಲಿಬಾಬಾ ಒಡೆತನದ ಯುಸಿ ಬ್ರೌಸರ್. ಬಳಕೆದಾರರ ಹುಡುಕಾಟ, ಇರುವ ಜಾಗ, ಫೋನಿನ ಗುರುತು ಇವೆಲ್ಲ ಅದರಿಂದ ಸೋರುತ್ತಿವೆ ಎಂದು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2015ರಲ್ಲೇ ತೋರಿಸಿಕೊಟ್ಟಿತ್ತು. ಭಾರತ ಅದನ್ನು ನಿಷೇಧಿಸಿದ್ದು 2020ರ ಜೂನ್ 29ರಂದು, ಇನ್ನೂ 58 ಚೀನೀ ಆ್ಯಪ್‌ಗಳ ಜೊತೆ. ಅಲ್ಲಿಯವರೆಗೆ ನಮ್ಮ ಸೀಮೆಯ ಎಷ್ಟೋ ಜನರ ಕ್ರಿಕೆಟ್ ಸ್ಕೋರು, ಹವಾಮಾನ, ಪರೀಕ್ಷೆಯ ಫಲಿತಾಂಶ ಎಲ್ಲ ಆ ದಾರಿಯಲ್ಲೇ ಬಂದವು.

ನಡುವೆ ಒಬ್ಬ ಮೊದಲಿನಿಂದಲೂ ಇದ್ದಾನೆ. ಅವನು ಯಾರ ಪರವಾಗಿ ದುಡಿಯುತ್ತಾನೆ ಎಂಬುದಷ್ಟೇ ಬದಲಾಗುತ್ತದೆ. ಅವನ ಕೈಚಳಕ ಕಣ್ಣಿಗೆ ಕಂಡದ್ದು ಬೆಂಗಳೂರಿನಲ್ಲಿ.

ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಸಾಲುಗಳು

2015ರ ಜೂನ್ ಮೊದಲ ವಾರ. ನೆಟ್ ಎಲ್ಲರಿಗೂ ಸಮಾನವಾಗಿರಬೇಕೆ, ಬೇಡವೆ ಎಂಬ ಚರ್ಚೆ ದೇಶದಲ್ಲಿ ಕಾವೇರಿದ್ದ ಸಮಯ. ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ತಮ್ಮ ಏರ್‌ಟೆಲ್ 3ಜಿ ಸಂಪರ್ಕದಲ್ಲಿ ಬಂದ ಪುಟದ ಒಳಗಿನ ಕೋಡ್ ತೆಗೆದು ನೋಡಿದರು. ಅಲ್ಲಿ ಜಾಲತಾಣದವರು ಬರೆಯದ ಸಾಲುಗಳಿದ್ದವು. ಪುಟ ಸರ್ವರ್‌ನಿಂದ ಹೊರಟಾಗ ಇಲ್ಲದ ಒಂದು ಜಾವಾಸ್ಕ್ರಿಪ್ಟ್, ಫೋನಿಗೆ ಬಂದು ಮುಟ್ಟುವಷ್ಟರಲ್ಲಿ ಹೊಕ್ಕು ಕೂತಿತ್ತು. ಅದು ಬರುತ್ತಿದ್ದ ಐಪಿ ವಿಳಾಸ ಏರ್‌ಟೆಲ್ ಹೆಸರಿನಲ್ಲೇ ಇತ್ತು.

ತೇಜೇಶ್ ಗದ್ದಲ ಮಾಡಲಿಲ್ಲ. ಕಂಡದ್ದನ್ನು ಕಂಡ ಹಾಗೆ, ಚಿತ್ರಸಮೇತ, ಗಿಟ್‌ಹಬ್ ತಾಣದಲ್ಲಿ ಹಾಕಿದರು. ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಲಿ ಎಂದು.

ಕೆಲವೇ ದಿನಗಳಲ್ಲಿ ಮನೆಗೆ ವಕೀಲರ ನೋಟಿಸ್ ಬಂತು. ಕಳಿಸಿದ್ದು ಏರ್‌ಟೆಲ್ ಅಲ್ಲ, ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪನಿ. ಪುಟದೊಳಗೆ ತೂರಿಸಿದ ಆ ಕೋಡ್ ತನ್ನ ಸ್ವತ್ತು, ಅದನ್ನು ಬಹಿರಂಗ ಮಾಡಿದ್ದು ಅಪರಾಧ ಎಂದು ಅದರ ವಾದ. ಮಾಹಿತಿ ತಂತ್ರಜ್ಞಾನ ಕಾಯ್ದೆ, ಭಾರತೀಯ ದಂಡಸಂಹಿತೆ ಎರಡನ್ನೂ ನೋಟಿಸಿನಲ್ಲಿ ಉಲ್ಲೇಖಿಸಲಾಗಿತ್ತು. ಕೃತಿಸ್ವಾಮ್ಯದ ದೂರಿನ ಮೇಲೆ ಗಿಟ್‌ಹಬ್ ಆ ಪುಟವನ್ನು ಕೆಳಗಿಳಿಸಿತು. ಕೇಳದೆ ನಮ್ಮ ಪುಟಕ್ಕೆ ಕೈಹಾಕಿದವರು ಸ್ವತ್ತಿನ ಮಾತಾಡಿದ್ದನ್ನು ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು.

ಏರ್‌ಟೆಲ್ ಹೇಳಿದ್ದು ಬೇರೆ. ಗ್ರಾಹಕರಿಗೆ ತಾವು ಎಷ್ಟು ಡೇಟಾ ಬಳಸಿದ್ದೇವೆ ಎಂದು ತಿಳಿಸುವ ವ್ಯವಸ್ಥೆ ಇದು, ಜಗತ್ತಿನ ಬೇರೆ ಕಂಪನಿಗಳೂ ಬಳಸುವಂಥದ್ದು; ನೋಟಿಸಿಗೂ ನಮಗೂ ಸಂಬಂಧವಿಲ್ಲ ಎಂದಿತು. ಇರಬಹುದು. ಉದ್ದೇಶ ಏನೇ ಇರಲಿ, ದಾರಿಯಲ್ಲಿ ನಿಂತವನು ಪುಟವನ್ನು ತಿದ್ದಬಲ್ಲ ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು. ಡೇಟಾ ಲೆಕ್ಕ ತೋರಿಸಲು ತೂರಿಸಬಲ್ಲವನು ನಾಳೆ ಸಾಲದ ಆ್ಯಪ್ಪನ್ನೂ ತೂರಿಸಬಲ್ಲ.

> ಸೈಬರ್ ಕೆಫೆಯ ದಾಖಲೆ
> ಬಸ್‌ಸ್ಟ್ಯಾಂಡ್ ಪಕ್ಕದ ಸೈಬರ್ ಕೆಫೆಯಲ್ಲಿ ಕೂತು ಅರ್ಜಿ ತುಂಬಿದ್ದೀರಾ? 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಗ್ರಾಹಕನ ಗುರುತಿನ ಚೀಟಿ ನೋಡುವುದಷ್ಟೇ ಅಲ್ಲ, ಅಲ್ಲಿಂದ ತೆರೆದ ತಾಣಗಳ ಇತಿಹಾಸವನ್ನೂ ಪ್ರಾಕ್ಸಿ ಸರ್ವರ್‌ನ ದಾಖಲೆಯನ್ನೂ ಮಾಲೀಕ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಆ ನಿಯಮದಲ್ಲಿ ಪ್ರಾಕ್ಸಿಯ ಹೆಸರು ಬಂದದ್ದು ಖಾಸಗಿತನ ಕಾಯಲು ಅಲ್ಲ, ದಾಖಲೆ ಇಡಲು.

ಕಸ ಕೆಳಗೆ, ನೀರು ಮುಂದಕ್ಕೆ

ತಿದ್ದುವ ಆ ಶಕ್ತಿಯನ್ನೇ ಬಳಕೆದಾರನ ಪರವಾಗಿ ತಿರುಗಿಸಿದರೆ? ಈ ಯೋಚನೆ ಹಳೆಯದು. ಹೆಚ್ಚುಕಡಿಮೆ ಜಾಹೀರಾತಿನಷ್ಟೇ ಹಳೆಯದು.

ಜಾಲದ ಮೊದಲ ಬ್ಯಾನರ್ ಜಾಹೀರಾತು ಕಾಣಿಸಿಕೊಂಡದ್ದು 1994ರ ಅಕ್ಟೋಬರ್ 27ರಂದು, ಹಾಟ್‌ವೈರ್ಡ್ ಎಂಬ ತಾಣದಲ್ಲಿ. ಹಾಕಿಸಿದ್ದು ಎಟಿ ಅಂಡ್ ಟಿ. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ‘ಕುಕಿ’ ರೂಪಿಸಿದರು. ಒಮ್ಮೆ ಬಂದವನು ಮತ್ತೆ ಬಂದಾಗ ಗುರುತು ಹಿಡಿಯಲು ತಾಣ ನಿಮ್ಮ ಕಂಪ್ಯೂಟರಿನಲ್ಲೇ ಬರೆದಿಡುವ ಚಿಕ್ಕ ಚೀಟಿ ಅದು. ಭಾರತದ ಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ನಾವು ಬಾಗಿಲು ತಟ್ಟುವ ಹೊತ್ತಿಗೆ ಜಾಹೀರಾತು, ಕುಕಿ ಎರಡೂ ಒಳಗೆ ಕೂತಿದ್ದವು.

ಮೂರ್ನಾಲ್ಕು ವರ್ಷದಲ್ಲೇ ಜನ ಬೇಸತ್ತರು. ಅಮೆರಿಕದಲ್ಲಿ ‘ಇಂಟರ್‌ನೆಟ್ ಜಂಕ್‌ಬಸ್ಟರ್’ ಎಂಬ ಪುಟ್ಟ ಪ್ರಾಕ್ಸಿ ಹುಟ್ಟಿತು. ನಿಮ್ಮ ಕಂಪ್ಯೂಟರಿನೊಳಗೇ ಕೂತು, ಬಂದ ಪುಟದಿಂದ ಬ್ಯಾನರ್ ಕಿತ್ತು, ಕುಕಿ ತಡೆದು, ಉಳಿದದ್ದನ್ನು ಬ್ರೌಸರಿಗೆ ಕೊಡುತ್ತಿತ್ತು. ಅದರ ಕೋಡ್ ಹಿಡಿದು ಸ್ವಯಂಸೇವಕರು ಬೆಳೆಸಿದ್ದೇ ಪ್ರಿವಾಕ್ಸಿ. ಅದು ಇಂದಿಗೂ ಪುಕ್ಕಟೆ ಸಿಗುತ್ತದೆ, 8118ನೇ ಪೋರ್ಟಿನಲ್ಲಿ ಕೂತು ಕಾಯುತ್ತದೆ.

ವಿಜಯಪುರದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ನಗರದಲ್ಲಿ ಅಲ್ಲಲ್ಲಿ ನಿಂತಿರುವ ಆದಿಲ್‌ಶಾಹಿ ಕಾಲದ ಗಂಜ್‌ಗಳನ್ನು, ಆ ಕಲ್ಲಿನ ನೀರುಗೋಪುರಗಳನ್ನು, ನೋಡಿಯೇ ಇರುತ್ತೀರಿ. ತಿಕೋಟಾ ದಾರಿಯ ತೊರವಿಯಿಂದ, 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಾಲಾಬಿನಿಂದ, ನೆಲದಡಿಯ ಕೊಳವೆಗಳಲ್ಲಿ ಪೇಟೆಗೆ ನೀರು ಬರುತ್ತಿತ್ತು. ದಾರಿಯಲ್ಲಿ ಗಂಜ್ ಏರಿ ಇಳಿಯಬೇಕು. ಅಲ್ಲಿ ನೀರಿನ ಒತ್ತಡ ತಗ್ಗುತ್ತಿತ್ತು, ಕೊಳವೆ ಒಡೆಯುತ್ತಿರಲಿಲ್ಲ; ಹೂಳು, ಕಸ ತಳಕ್ಕೆ ಇಳಿದು ತಿಳಿನೀರು ಮುಂದಕ್ಕೆ ಹೋಗುತ್ತಿತ್ತು. ಸೋಸುವ ಪ್ರಾಕ್ಸಿಯೂ ದಾರಿಯ ನಡುವಿನ ಗಂಜ್. ಮನೆಮನೆಯ ನಲ್ಲಿಗೂ ಬಟ್ಟೆ ಕಟ್ಟಬೇಕಿಲ್ಲ. ಒಂದು ಕಡೆ ಸೋಸಿದರೆ ಆ ಕೊಳವೆಯ ಕೆಳಗಿನ ಎಲ್ಲರಿಗೂ ತಿಳಿನೀರೇ.

ಹಾಗಿದ್ದರೆ ಎಲ್ಲರೂ ಪ್ರಿವಾಕ್ಸಿ ಹಾಕಿಕೊಂಡು ನೆಮ್ಮದಿಯಾಗಿರಬಹುದಲ್ಲ? 2015ರ ತನಕ ಬಹುಮಟ್ಟಿಗೆ ಹಾಗೇ ಇತ್ತು.

ಬೀಗ ಬಿತ್ತು, ಸೋಸುವವನೂ ಹೊರಗುಳಿದ

ದಾರಿಯಲ್ಲಿ ಪುಟ ತಿದ್ದುವವರ ಕಾಟಕ್ಕೆ ಮದ್ದೆಂದರೆ ಗೂಢಲಿಪಿ, ವಿಳಾಸದ ಮುಂದೆ ಕಾಣುವ ಬೀಗದ ಗುರುತು. ಮೊದಲು ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕಿತ್ತು. ಬ್ಯಾಂಕುಗಳು, ದೊಡ್ಡ ಅಂಗಡಿಗಳಷ್ಟೇ ಕೊಳ್ಳುತ್ತಿದ್ದವು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಯಾರಿಗೆ ಬೇಕಾದರೂ ಪುಕ್ಕಟೆ ಕೊಡತೊಡಗಿತು. 2018ರ ಜುಲೈನಲ್ಲಿ ಕ್ರೋಮ್ ಬ್ರೌಸರ್ ಬೀಗವಿಲ್ಲದ ತಾಣಗಳ ಮುಂದೆ ‘ಸುರಕ್ಷಿತವಲ್ಲ’ ಎಂದು ಬರೆಯಲು ಶುರುಮಾಡಿತು. ಆಮೇಲೆ ತಡವಾಗಲಿಲ್ಲ, ಊರೆಲ್ಲ ಬೀಗ ಹಾಕಿತು.

ಪುಟ ತಿದ್ದುವ ಕಂಪನಿಯ ಕೈ ಕಟ್ಟಿತು. ಜೊತೆಗೆ ಮನೆಯ ಪ್ರಿವಾಕ್ಸಿಯ ಕಣ್ಣೂ ಕಟ್ಟಿತು. ಈಗ ಅದಕ್ಕೆ ಕಾಣುವುದು ನೀವು ಯಾವ ತಾಣಕ್ಕೆ ಹೊರಟಿದ್ದೀರಿ ಎಂಬ ಹೆಸರು ಮಾತ್ರ. ಒಳಗಿನ ಪುಟ ಕಾಣದು. ಹೆಸರು ನೋಡಿ ಬಿಡಬಹುದು, ತಡೆಯಬಹುದು. ಪುಟದೊಳಗೆ ಕೈಹಾಕಿ ಒಂದು ಬ್ಯಾನರನ್ನಷ್ಟೇ ಕೀಳಲಾಗದು.

ಬೀಗ ತೆಗೆಯಲು ಒಂದು ಉಪಾಯವಿದೆ. ಪ್ರಾಕ್ಸಿ ತನ್ನದೇ ಪ್ರಮಾಣಪತ್ರ ತಯಾರಿಸಿಕೊಳ್ಳುತ್ತದೆ. ಅದನ್ನು ನಂಬು ಎಂದು ನಿಮ್ಮ ಫೋನಿಗೆ, ಕಂಪ್ಯೂಟರಿಗೆ ನೀವೇ ಹೇಳಿಕೊಡುತ್ತೀರಿ. ಆಗ ಪ್ರಾಕ್ಸಿ ಪುಟವನ್ನು ಬಿಚ್ಚಿ, ಸೋಸಿ, ಮತ್ತೆ ತನ್ನ ಬೀಗ ಹಾಕಿ ಕೊಡುತ್ತದೆ. ಪ್ರಿವಾಕ್ಸಿಯ ಈಚಿನ ಆವೃತ್ತಿಗಳಲ್ಲಿ ಈ ಅನುಕೂಲವಿದೆ. ನನ್ನ ಮಾತು ಕೇಳುವುದಾದರೆ, ಮನೆಗೆ ಇದು ಬೇಡ.

ಯಾಕೆ ಬೇಡ ಎಂದು 2015ರ ಫೆಬ್ರುವರಿಯಲ್ಲೇ ಲೆನೊವೊ ಕಂಪನಿ ತೋರಿಸಿಕೊಟ್ಟಿದೆ. ಅದು ಮಾರಿದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ತಂತ್ರಾಂಶ ಮೊದಲೇ ಕೂತಿತ್ತು. ಇದೇ ಉಪಾಯದಿಂದ ಬೀಗ ತೆಗೆದು ಪುಟದೊಳಗೆ ಜಾಹೀರಾತು ಸೇರಿಸುತ್ತಿತ್ತು. ಎಲ್ಲ ಲ್ಯಾಪ್‌ಟಾಪಿಗೂ ಒಂದೇ ಕೀಲಿ. ಸಂಶೋಧಕನೊಬ್ಬ ಅದರ ಗುಪ್ತಪದ ಕಂಡುಹಿಡಿದ: ‘ಕೊಮೊಡಿಯಾ’, ತಂತ್ರಾಂಶದ ಒಂದು ಭಾಗ ತಯಾರಿಸಿದ ಕಂಪನಿಯದೇ ಹೆಸರು! ಆ ಕೀಲಿ ಸಿಕ್ಕ ಕಳ್ಳ ಕಾಫಿ ಅಂಗಡಿಯ ವೈಫೈನಲ್ಲಿ ಕೂತು ಅಂಥ ಲ್ಯಾಪ್‌ಟಾಪಿದ್ದ ಯಾರ ಬ್ಯಾಂಕಿನ ಪುಟವನ್ನಾದರೂ ಓದಬಹುದಿತ್ತು. ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಅಂಥದ್ದೇ ಕೀಲಿ ಇಟ್ಟು ಮರೆಯುವುದು ಜಾಣತನವಲ್ಲ. ಹೇಗೂ ಆಂಡ್ರಾಯ್ಡ್ 7ರಿಂದ ಈಚೆಗೆ ಬಹುತೇಕ ಆ್ಯಪ್‌ಗಳು ನಾವು ಹಾಕಿದ ಪ್ರಮಾಣಪತ್ರವನ್ನು ನಂಬುವುದೂ ಇಲ್ಲ.

ಉಳಿದ ದಾರಿ ಹೆಸರು ನೋಡಿ ಸೋಸುವುದು. ಅದು ಸುಲಭ, ಅಗ್ಗ. ಹಳ್ಳಿಗೆ ಒಗ್ಗುವುದೂ ಅದೇ.

ಎರಡು ನಿಮಿಷದ ಕೆಲಸ, ಒಂದು ಸಂಜೆಯ ಕೆಲಸ

ಯಾವ ತಾಣಕ್ಕೆ ಹೋಗುವ ಮುನ್ನವೂ ಫೋನು ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಕೇಳುತ್ತದೆ: ಈ ಹೆಸರಿನವನ ಮನೆ ಸಂಖ್ಯೆ ಎಷ್ಟು? ಒಂದು ಸುದ್ದಿಪುಟ ತೆರೆದರೆ ಸುದ್ದಿಯ ತಾಣದ್ದಷ್ಟೇ ಅಲ್ಲ, ಜಾಹೀರಾತು ಕಂಪನಿಗಳ, ಹಿಂಬಾಲಿಸುವವರ ಹೆಸರನ್ನೂ ಕೇಳುತ್ತದೆ. ಆ ಹೆಸರುಗಳಿಗೆ ‘ಅಂಥವರು ಇಲ್ಲಿಲ್ಲ’ ಎಂದು ಉತ್ತರ ಕೊಟ್ಟರೆ ಮುಗಿಯಿತು. ಜಾಹೀರಾತು ಬರುವುದೇ ಇಲ್ಲ. ಬಂದು ಮುಚ್ಚಿಹೋದದ್ದಲ್ಲ, ಬರಲೇ ಇಲ್ಲ. ಹಾಗಾಗಿ ಡೇಟಾ ಕೂಡ ಉಳಿಯಿತು.

ಮೊದಲು ಎರಡು ನಿಮಿಷದ ಕೆಲಸ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸ ಫೋನಿದ್ದರೆ ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್ ವಿಭಾಗದಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂದು ಇರುತ್ತದೆ. ಅಲ್ಲಿ ಸೋಸುವ ಡಿಎನ್‌ಎಸ್ ಒಂದರ ಹೆಸರು ಹೊಡೆಯಬೇಕು. ಉದಾಹರಣೆಗೆ ಆಡ್‌ಗಾರ್ಡ್ ಪುಕ್ಕಟೆ ಕೊಡುವುದು: ಡಿಎನ್‌ಎಸ್, ಚುಕ್ಕೆ, ಆಡ್‌ಗಾರ್ಡ್, ಅಡ್ಡಗೆರೆ, ಡಿಎನ್‌ಎಸ್, ಚುಕ್ಕೆ, ಕಾಮ್. ಇದು ಮನೆಯ ವೈಫೈನಲ್ಲೂ ನಡೆಯುತ್ತದೆ, ಹೊಲದಲ್ಲಿ ಮೊಬೈಲ್ ಡೇಟಾದ ಮೇಲೂ ನಡೆಯುತ್ತದೆ. ಬಬಲೇಶ್ವರ, ತಿಕೋಟಾ ಸೀಮೆಯಲ್ಲಿ ಬಹಳ ಜನರ ನೆಟ್ ಎಂದರೆ ಸಿಮ್ ಕಾರ್ಡಿನದ್ದೇ. ಅಂಥವರು ಇಷ್ಟು ಮಾಡಿದರೂ ಅರ್ಧ ಗೆದ್ದಂತೆ.

ಆದರೆ ಈಗ ನಡುವೆ ನಿಂತವನು ಯಾರು? ಮಾಸ್ಕೋದಲ್ಲಿ ಶುರುವಾಗಿ ಸೈಪ್ರಸ್‌ನಲ್ಲಿ ನೆಲೆನಿಂತ ಕಂಪನಿ. ನೀವು ಹೋಗುವ ತಾಣಗಳ ಹೆಸರು ಈಗ ಅದಕ್ಕೆ ಕಾಣುತ್ತದೆ. ಅವರು ಕೆಟ್ಟವರೆಂದಲ್ಲ. ನಂಬಿಕೆಯನ್ನು ಒಂದು ಕೈಯಿಂದ ತೆಗೆದು ಇನ್ನೊಂದು ಕೈಗೆ ಕೊಟ್ಟಿರಿ, ಅಷ್ಟೆ.

ಸ್ವಂತ ಕೈಯಲ್ಲೇ ಇರಲಿ ಎನ್ನುವವರಿಗೆ ಒಂದು ಸಂಜೆಯ ಕೆಲಸವಿದೆ. ಮನೆಗೆ ಫೈಬರ್ ಅಥವಾ ಬ್ರಾಡ್‌ಬ್ಯಾಂಡ್ ಇರಬೇಕು. ಅಂಗೈ ಅಗಲದ ರಾಸ್‌ಬೆರಿ ಪೈ ಬೋರ್ಡ್ ಆದೀತು, ಇಲ್ಲವೆ ಅಟ್ಟ ಸೇರಿದ ಲ್ಯಾಪ್‌ಟಾಪ್ ಆದೀತು. ಅದರಲ್ಲಿ ಲಿನಕ್ಸ್ ಹಾಕಿ, ಪೈ-ಹೋಲ್ ಎಂಬ ಪುಕ್ಕಟೆ ತಂತ್ರಾಂಶ ಸ್ಥಾಪಿಸಬೇಕು. ಅಮೆರಿಕದ ಜೇಕಬ್ ಸಾಲ್ಮೆಲಾ ಹತ್ತು ವರ್ಷಗಳಿಗೂ ಹಿಂದೆ ಶುರುಮಾಡಿದ್ದು ಇದು. 512 ಎಂಬಿ ರ್‍ಯಾಮ್ ಇದ್ದರೆ ಸಾಕು; ಈಗಿನ ಯಾವ ಸ್ಮಾರ್ಟ್‌ಫೋನಿನಲ್ಲೂ ಅದಕ್ಕಿಂತ ಹೆಚ್ಚೇ ಇರುತ್ತದೆ.

ಆ ಪೆಟ್ಟಿಗೆಗೆ ಬದಲಾಗದ ಒಂದು ವಿಳಾಸ ಕೊಡಿ. ಆಮೇಲೆ ರೌಟರ್ ಒಳಹೊಕ್ಕು ಡಿಎಚ್‌ಸಿಪಿ ವಿಭಾಗದಲ್ಲಿ ಡಿಎನ್‌ಎಸ್ ಎಂಬಲ್ಲಿ ಆ ವಿಳಾಸ ಬರೆಯಿರಿ. ಇನ್ನು ಪ್ರೈವೇಟ್ ಡಿಎನ್‌ಎಸ್ ಬರೆಯದ ಫೋನು, ಮನೆಯ ಟಿವಿ, ಲ್ಯಾಪ್‌ಟಾಪ್ ಎಲ್ಲವೂ ಅದನ್ನೇ ಕೇಳುತ್ತವೆ. ತಡೆಯಬೇಕಾದ ಹತ್ತಾರು ಸಾವಿರ ಹೆಸರುಗಳ ಪಟ್ಟಿ ಜೊತೆಗೇ ಬರುತ್ತದೆ, ತಾನೇ ಹೊಸದಾಗುತ್ತಲೂ ಇರುತ್ತದೆ. ಕೆಲವು ಕಂಪನಿಗಳು ಕೊಟ್ಟ ರೌಟರ್ ಮಾತ್ರ ಈ ಜಾಗಕ್ಕೆ ಕೈಹಾಕಲು ಬಿಡುವುದಿಲ್ಲ. ಆಗ ಒಂದೊಂದು ಫೋನಿನಲ್ಲೂ ಬೇರೆಬೇರೆ ಬರೆಯಬೇಕು.

ಬೆಂಗಳೂರಿನವರು ಬರೆಯುವ ಕೈಪಿಡಿಗಳಲ್ಲಿ ಇರದ ಒಂದು ಮಾತು ನಮ್ಮ ಕಡೆಯವರಿಗೆ ಬೇಕು. ಕರೆಂಟು. ಪೆಟ್ಟಿಗೆ ಆರಿತೋ, ಮನೆಯ ನೆಟ್ಟೇ ಹೋದ ಹಾಗೆ. ರೌಟರ್ ಇನ್ವರ್ಟರ್ ಮೇಲಿದ್ದು ಪೈ-ಹೋಲ್ ಹೊರಗಿದ್ದರೆ ‘ವೈಫೈ ಐತಿ, ಆದ್ರ ಏನೂ ತೆರ್‍ಯಾಕ ಒಲ್ದು’ ಎಂಬ ವಿಚಿತ್ರ ರೋಗ ಹತ್ತುತ್ತದೆ. ಎರಡನ್ನೂ ಒಂದೇ ಇನ್ವರ್ಟರಿಗೆ ಹಾಕಿ. ಇದ್ದಕ್ಕಿದ್ದಂತೆ ಕರೆಂಟು ಹೋಗಿ ಬಂದು ಮಾಡಿದರೆ ರಾಸ್‌ಬೆರಿ ಪೈನ ಮೆಮೊರಿ ಕಾರ್ಡ್ ಕೆಡುವುದೂ ಉಂಟು. ಬ್ಯಾಟರಿ ಇನ್ನೂ ಸಾಯದ ಹಳೇ ಲ್ಯಾಪ್‌ಟಾಪು ಈ ಮಟ್ಟಿಗೆ ಹೊಸ ಬೋರ್ಡಿಗಿಂತ ಮೇಲು.

> ಇದರಿಂದ ಆಗದ್ದು
> ಯೂಟ್ಯೂಬ್ ಜಾಹೀರಾತು ನಿಲ್ಲುವುದಿಲ್ಲ. ಹಾಡು, ಜಾಹೀರಾತು ಎರಡೂ ಒಂದೇ ಹೆಸರಿನ ಸರ್ವರ್‌ನಿಂದ ಬರುತ್ತವೆ. ಹೆಸರು ನೋಡಿ ಬೇರೆ ಮಾಡಲಾಗದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡುವೆ ಬರುವ ಪ್ರಾಯೋಜಿತ ಪೋಸ್ಟ್‌ಗಳೂ ಹಾಗೇ. ಮನೆಯ ವೈಫೈ ಬಿಟ್ಟು ಹೊಲಕ್ಕೆ ಹೋದರೆ ಮನೆಯ ಪೈ-ಹೋಲ್ ಜೊತೆಗೆ ಬರುವುದಿಲ್ಲ. ಕೆಲವು ಆ್ಯಪ್‌ಗಳು ತಮ್ಮದೇ ಡಿಎನ್‌ಎಸ್ ಹೊತ್ತುಕೊಂಡು ಬಂದಿರುತ್ತವೆ, ಮನೆಯದನ್ನು ಕೇಳುವುದೇ ಇಲ್ಲ.
> ಬ್ರೌಸರಿನಲ್ಲಿ ಪುಟದೊಳಗೇ ಸೋಸಬೇಕೆಂದರೆ ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಆರಿಜಿನ್ ಸೇರಿಸಿಕೊಳ್ಳಿ. ಕ್ರೋಮ್ ತನ್ನ ನಿಯಮ ಬದಲಿಸಿ ಕಂಪ್ಯೂಟರುಗಳಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸಿತು. ಫೈರ್‌ಫಾಕ್ಸ್ ಕನ್ನಡದಲ್ಲೂ ಸಿಗುತ್ತದೆ.

ಇಷ್ಟೆಲ್ಲ ತಾಪತ್ರಯ ಬರೀ ಕಿರಿಕಿರಿ ತಪ್ಪಿಸಲಿಕ್ಕೆ ಎಂದುಕೊಳ್ಳಬೇಡಿ. ಹುಡುಕಾಟದ ಫಲಿತಾಂಶದ ತಲೆಯ ಮೇಲೆ ಜಾಹೀರಾತು ಕೊಂಡು, ಅಸಲಿ ಬ್ಯಾಂಕಿನಂತೆ ಕಾಣುವ ನಕಲಿ ಪುಟಕ್ಕೆ ಎಳೆಯುವ ವಂಚಕರಿದ್ದಾರೆ. ಇದರಿಂದ ತಪ್ಪಿಸಿಕೊಳ್ಳಲು ಜಾಹೀರಾತು ತಡೆಯುವ ಸಾಧನ ಬಳಸಿ ಎಂದು ಜನರಿಗೆ ಹೇಳಿದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, 2022ರ ಡಿಸೆಂಬರ್‌ನಲ್ಲಿ. ನಮ್ಮಲ್ಲಿ ದುಡ್ಡು ಕಳೆದುಕೊಂಡ ಕೂಡಲೇ ಕರೆ ಮಾಡಬೇಕಾದ ಸಂಖ್ಯೆ 1930. ಅಲ್ಲಿಗೆ ಕರೆ ಮಾಡುವ ಪ್ರಸಂಗ ಬರದ ಹಾಗೆ ನೋಡಿಕೊಳ್ಳುವುದು ಅಗ್ಗ.

ಮನೆಯೊಳಗಿನ ಕಣ್ಣು

ಪೈ-ಹೋಲ್ ಹಾಕಿದವರು ಮೊದಲ ದಿನ ಮಾಡುವ ಕೆಲಸ ಒಂದೇ: ಅದರ ದಾಖಲೆ ತೆರೆದು ಬೆರಗಾಗುವುದು. ಮನೆಮಂದಿ ಮಲಗಿದ ಮೇಲೂ ಸ್ಮಾರ್ಟ್ ಟಿವಿ ಯಾರನ್ನೋ ಕೇಳುತ್ತಿರುತ್ತದೆ. ಕೈಬ್ಯಾಟರಿಯ ಆ್ಯಪ್ಪಿಗೂ ಹೊರದೇಶದ ನಂಟಿರುತ್ತದೆ.

ಎರಡನೆಯ ದಿನ ಬೇರೆ ಏನೋ ಕಾಣುತ್ತದೆ. ತಂಗಿಯ ಫೋನು ರಾತ್ರಿ ಎಷ್ಟು ಹೊತ್ತಿಗೆ ಯಾವ ತಾಣ ಕೇಳಿತು. ಅತ್ತಿಗೆ ಯಾವ ಆಸ್ಪತ್ರೆಯ ತಾಣ ತೆರೆದರು. ಅಪ್ಪ ಯಾವ ಸಾಲದ ಆ್ಯಪ್ ಬಳಸಿದರು. ಕಂಪ್ಯೂಟರ್ ಬಲ್ಲ ಹುಡುಗ ಒಬ್ಬನೇ ಇರುವ ಮನೆಯಲ್ಲಿ ಆ ದಾಖಲೆಯ ಕೀಲಿ ಅವನ ಕೈಯಲ್ಲಿರುತ್ತದೆ. ಕಂಪನಿಯ ಕಣ್ಣು ತಪ್ಪಿಸಲು ಹೋಗಿ ಅಣ್ಣನ ಕಣ್ಣು ಕೂರಿಸಿದಂತಾಯಿತು. ಹೆಣ್ಣುಮಕ್ಕಳ ಕೈಯ ಫೋನೇ ಮನೆಯ ದೊಡ್ಡ ತಕರಾರಾಗಿರುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ದೂರದ ಜಾಹೀರಾತು ಕಂಪನಿ ಆಕೆಯನ್ನು ಕಾಲೇಜು ಬಿಡಿಸುವುದಿಲ್ಲ. ಮನೆಯವರು ಬಿಡಿಸಬಲ್ಲರು.

ತಂತ್ರಾಂಶ ಬರೆದವರಿಗೂ ಇದು ಹೊಳೆದಿದೆ. ಪೈ-ಹೋಲ್‌ನಲ್ಲಿ ಗೋಪ್ಯತೆಯ ಮಟ್ಟ 0ಯಿಂದ 3ರವರೆಗೆ ಇದೆ. 0ಯಲ್ಲಿ ಎಲ್ಲವೂ ಕಾಣುತ್ತದೆ. 1ರಲ್ಲಿ ತಾಣಗಳ ಹೆಸರು ಮರೆಯಾಗುತ್ತದೆ, 2ರಲ್ಲಿ ಕೇಳಿದ ಸಾಧನವೂ ಮರೆಯಾಗುತ್ತದೆ. 3ರಲ್ಲಿ ಒಟ್ಟು ಲೆಕ್ಕ ಬಿಟ್ಟರೆ ಏನೂ ಉಳಿಯುವುದಿಲ್ಲ. ಹಾಕಿದ ಮೊದಲ ದಿನವೇ 3ಕ್ಕೆ ಇಡಿ, ಇಟ್ಟದ್ದನ್ನು ಮನೆಯವರೆಲ್ಲರಿಗೂ ತೋರಿಸಿ. ಯಾವುದೋ ತಾಣ ತೆರೆಯದೆ ದೋಷ ಹುಡುಕಬೇಕಾದಾಗ ಒಂದು ಗಳಿಗೆ ಇಳಿಸಿ, ಮತ್ತೆ ಏರಿಸಿ.

ಖಾಸಗಿತನ ಇಂಗ್ಲಿಷ್ ಬಲ್ಲ ಪೇಟೆಯವರ ಶೋಕಿ ಎನ್ನುವವರಿಗೆ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಸರ್ಕಾರ ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಂದೇ ದನಿಯಲ್ಲಿ, ಹೌದು, ಅದು ಮೂಲಭೂತ ಹಕ್ಕು ಎಂದಿತು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ, 98ರಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ದೇಶದ ಯಾವ ಮೂಲೆಯ ವಕೀಲ ಖಾಸಗಿತನದ ಮಾತೆತ್ತಿದರೂ ‘ಪುಟ್ಟಸ್ವಾಮಿ ತೀರ್ಪು’ ಎಂದೇ ಶುರುಮಾಡುತ್ತಾನೆ.

ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಒಂಬತ್ತನೇ ಸೆಕ್ಷನ್ ಒಂದು ಗಟ್ಟಿ ಮಾತು ಹೇಳುತ್ತದೆ: 18 ತುಂಬದ ಮಕ್ಕಳನ್ನು ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಜಾರಿ ಹಂತಹಂತವಾಗಿ. ಅಷ್ಟರವರೆಗೆ ನಮ್ಮ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಶಾಲೆಯ ಕಂಪ್ಯೂಟರ್ ಕೋಣೆಗಳಲ್ಲಿ ಒಂದೊಂದು ಸೋಸುವ ಪೆಟ್ಟಿಗೆ ಕೂರಿಸಿದರೆ ಸೆಕ್ಷನ್ ಒಂಬತ್ತು ಅಲ್ಲಿ ಈಗಲೇ ಜಾರಿಯಾದಂತೆ. ಹತ್ತು ಕಂಪ್ಯೂಟರಿಗೆ ಒಂದೇ ಪೆಟ್ಟಿಗೆ ಸಾಕು. ಮಕ್ಕಳ ಹೆಸರಿನ ದಾಖಲೆ ಮಾತ್ರ ಇಡಬಾರದು, ಮೇಷ್ಟ್ರು ಕೇಳಿದರೂ.

ಓದಿದ್ದಕ್ಕೆ ಬೆಲೆ

ಪತ್ರಿಕೆಯಲ್ಲಿ ಬರೆದು ಬದುಕುವ ನಾನು ಜಾಹೀರಾತು ಕಿತ್ತುಹಾಕಿ ಎಂದು ಬರೆಯುವುದು ಕೂತ ಟೊಂಗೆ ಕಡಿದಂತೆ ಎಂದು ಗೆಳೆಯರು ಛೇಡಿಸುತ್ತಾರೆ. ಸುಳ್ಳಲ್ಲ. ಕನ್ನಡದ ಸುದ್ದಿತಾಣಗಳಿಗೆ ಚಂದಾ ಕೊಡುವವರು ಕಡಿಮೆ, ಜಾಹೀರಾತೇ ಆಸರೆ. ನಿಮಗೆ ಬೇಕಾದ, ಮೈಮೇಲೆ ಬೀಳದ ತಾಣಕ್ಕೆ ವಿನಾಯಿತಿ ಕೊಡಬಹುದು. ಪೈ-ಹೋಲ್‌ನಲ್ಲಿ ಅದಕ್ಕೆ ಬೇರೆ ಪಟ್ಟಿಯೇ ಇದೆ. ಚಂದಾ ಕೊಟ್ಟರೆ ಇನ್ನೂ ಒಳ್ಳೆಯದು. ಮುಚ್ಚುವ ಗುರುತನ್ನು ಎಳ್ಳುಕಾಳು ಮಾಡಿ ಬೆರಳಿಗೆ ಬಲೆ ಬೀಸುವ ತಾಣಗಳ ಬಗ್ಗೆ ನನಗೆ ಕನಿಕರವಿಲ್ಲ.

ಅತಿಯಾಗಿ ಸೋಸುವುದೂ ಸರಿಯಲ್ಲ. ಸಿಕ್ಕ ಸಿಕ್ಕ ಪಟ್ಟಿಯನ್ನೆಲ್ಲ ತುಂಬಿಕೊಂಡವರ ಮನೆಯಲ್ಲಿ ಒಂದು ದಿನ ಗ್ಯಾಸ್ ಬುಕಿಂಗ್ ಪುಟ ತೆರೆಯುವುದಿಲ್ಲ, ಇನ್ನೊಂದು ದಿನ ಬೆಳೆವಿಮೆಯ ದುಡ್ಡು ಕಟ್ಟುವಾಗ ಪುಟ ಬಿಳಿಚಿಕೊಂಡು ನಿಲ್ಲುತ್ತದೆ. ಅದಕ್ಕೆಂದೇ ಐದು ನಿಮಿಷ ಸೋಸುವುದನ್ನು ನಿಲ್ಲಿಸುವ ಗುಂಡಿ ಇದೆ. ಹುಡುಗ ಊರಲ್ಲಿಲ್ಲದಾಗಲೂ ಆ ಗುಂಡಿ ಒತ್ತಲು ಮನೆಯ ಇನ್ನೊಬ್ಬರಿಗಾದರೂ ಬರಬೇಕು. ಇಲ್ಲದಿದ್ದರೆ ವಾರದೊಳಗೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಎಲ್ಲರಿಗೂ ಇದು ಬೇಕೇ ಬೇಕು ಎಂದೇನೂ ಇಲ್ಲ. “ನನ್ನ ಫೋನಿಗೆ ಹಚ್ಚಬ್ಯಾಡಪಾ, ಇಳಕಲ್ ಸೀರಿ ಜಾಹೀರಾತು ಬರ್ತಾವ, ನೋಡಾಕ ಚಂದ ಇರ್ತಾವ” ಎನ್ನುವ ಅವ್ವಂದಿರೂ ಇದ್ದಾರೆ. ಪೈ-ಹೋಲ್‌ನಲ್ಲಿ ಫೋನುಗಳನ್ನು ಗುಂಪು ಮಾಡಬಹುದು. ಅವ್ವನ ಫೋನನ್ನು ಬೇರೆ ಗುಂಪಿಗೆ ಹಾಕಿ, ಆ ಗುಂಪಿಗೆ ಯಾವ ಪಟ್ಟಿಯನ್ನೂ ಕೊಡದಿದ್ದರಾಯಿತು, ಸೀರೆಗಳು ಬರುತ್ತವೆ.